ನಲವತ್ತಮೂರರಲ್ಲಿ ಒಲಿದ ಕಿರೀಟ

ನಾಪೋಕ್ಲು ಎಂದೊಡನೆ ಕೊಡಗಿನವರ ಕಣ್ಣ ಮುಂದೆ ಬರುವುದು ಹಾಕಿ. ಕಾಫಿ ಕೊಯ್ಲು ಮುಗಿದು, ಹೂಮಳೆ ಬಿದ್ದು, ತೋಟದ ಕೆಲಸ ಒಂದಿಷ್ಟು ಹಗುರಾಗುವ ಬೇಸಿಗೆಯಲ್ಲಿ ಕೊಡವ ಕುಟುಂಬಗಳು ಸ್ಟಿಕ್ ಹಿಡಿದು ಮೈದಾನಕ್ಕಿಳಿಯುತ್ತವೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ 60 ತಂಡಗಳನ್ನು ಕಟ್ಟಿಕೊಂಡು ಆರಂಭಿಸಿದ ಈ ಕೌಟುಂಬಿಕ ಹಾಕಿ ಉತ್ಸವ, 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕಪ್ ನಡೆದಾಗ 360 ತಂಡಗಳನ್ನು ಕಂಡು ಗಿನ್ನೆಸ್ ದಾಖಲೆಗೆ ಸೇರಿತು. ತಾತ, ಅಪ್ಪ, ಮಗ, ಸೊಸೆ, ಮೊಮ್ಮಗಳು ಎಲ್ಲರೂ ಒಂದೇ ತಂಡದಲ್ಲಿ ಆಡಬಹುದಾದ ಪಂದ್ಯಾವಳಿ ಇದು. ಇಲ್ಲಿ ತಂಡದ ಹೆಸರೆಂದರೆ ಮನೆತನದ ಹೆಸರು. ಒಬ್ಬ ಗೋಲು ಹೊಡೆದರೆ ಇಡೀ ಒಕ್ಕವೇ ಕುಣಿಯುತ್ತದೆ.

ಇಂಥ ನಾಡಿನ ಹುಡುಗನೊಬ್ಬ ತಂಡವೇ ಇಲ್ಲದ ಆಟವನ್ನು ಆರಿಸಿಕೊಂಡರೆ? ಗೆದ್ದರೂ ಒಬ್ಬನೇ, ಸೋತರೂ ಒಬ್ಬನೇ. ಮೈದಾನದ ಸುತ್ತ ಬಂಧುಬಳಗವಿಲ್ಲ. ವಾರಕ್ಕೊಂದು ಊರು, ತಿಂಗಳಿಗೊಂದು ದೇಶ. ಮಚ್ಚಂಡ ಒಕ್ಕದ ರೋಹನ್ ಬೋಪಣ್ಣ ತುಳಿದದ್ದು ಅಂಥ ದಾರಿಯನ್ನು. ಎರಡು ದಶಕಗಳಿಗೂ ಹೆಚ್ಚು ಕಾಲ ಸೂಟ್‌ಕೇಸ್ ಹೊತ್ತು ಜಗತ್ತು ಸುತ್ತಿದ ಈ ಟೆನಿಸ್ ಆಟಗಾರನಿಗೆ ಪುರುಷರ ಡಬಲ್ಸ್ ಗ್ರ್ಯಾನ್‌ಸ್ಲಾಮ್ ಕಿರೀಟ ದೊರೆತದ್ದು 43ನೆಯ ವಯಸ್ಸಿನಲ್ಲಿ. ಅವರ ಓರಗೆಯ ಆಟಗಾರರಲ್ಲಿ ಹೆಚ್ಚಿನವರು ಅಷ್ಟರಲ್ಲಿ ಆಟ ನಿಲ್ಲಿಸಿ ವರ್ಷಗಳೇ ಕಳೆದಿದ್ದವು!

ಸೌದೆ ಸೀಳಿ ಸರ್ವ್ ಕಲಿತ ಹುಡುಗ

ರೋಹನ್ ಹುಟ್ಟಿದ್ದು 1980ರ ಮಾರ್ಚ್ 4ರಂದು, ಬೆಂಗಳೂರಿನಲ್ಲಿ. ತಂದೆ ಎಂ.ಜಿ. ಬೋಪಣ್ಣ ಕಾಫಿ ಬೆಳೆಗಾರರು, ತಾಯಿ ಮಲ್ಲಿಕಾ. ಬಾಲ್ಯವೆಲ್ಲ ಕೊಡಗಿನ ತೋಟದ ನಡುವೆ. ಹಾಕಿ, ಫುಟ್‌ಬಾಲ್‌ಗಳಲ್ಲಿ ಹುಡುಗನಿಗೆ ಒಲವಿತ್ತು. ಆದರೆ ಮಗ ವೈಯಕ್ತಿಕ ಆಟವೊಂದನ್ನು ಕಲಿಯಲಿ ಎಂಬುದು ತಂದೆಯ ಇಚ್ಛೆ. ಹಾಗಾಗಿ ರ‍್ಯಾಕೆಟ್ ಕೈಗೆ ಬಂತು, ಅದೂ 11ನೆಯ ವಯಸ್ಸಿನಲ್ಲಿ. ಐದಾರು ವರ್ಷಕ್ಕೇ ಮಕ್ಕಳನ್ನು ಅಕಾಡೆಮಿಗೆ ಸೇರಿಸುವ ಇಂದಿನ ತಾಯ್ತಂದೆಯರಿಗೆ ಇದು ತಡವೆನಿಸೀತು!

ಗುಡ್ಡಗಾಡಿನ ಜಿಲ್ಲೆಯಲ್ಲಿ ಟೆನಿಸ್‌ಗೆ ಬೇಕಾದ ಅನುಕೂಲಗಳು ಎಷ್ಟಿದ್ದಾವು? ಸರ್ವ್‌ಗೆ ಬಲ ಬರಲೆಂದು ಸೌದೆ ಸೀಳಿದ್ದು, ದಮ್ಮು ಬೆಳೆಯಲೆಂದು ಕಾಫಿ ತೋಟದೊಳಗೆ ಓಡಿದ್ದು, ಬಿರುಕು ಬಿಟ್ಟ ಅಂಕಣಗಳಲ್ಲಿ ಆಡಿದ್ದು ಇವೆಲ್ಲವನ್ನೂ ನಿವೃತ್ತಿಯ ದಿನ ಬೋಪಣ್ಣ ನೆನೆದುಕೊಂಡರು. ಮುಂದೆ ಜಗತ್ತಿನ ದೊಡ್ಡ ದೊಡ್ಡ ಆಟಗಾರರನ್ನು ತಬ್ಬಿಬ್ಬುಗೊಳಿಸಿದ ಆ ಸಿಡಿಲಿನಂಥ ಸರ್ವ್‌ನ ಹಿಂದೆ ಕೊಡಲಿ ಹಿಡಿದ ಆ ತೋಳುಗಳಿದ್ದವು.

ಹದಿಹರೆಯದಲ್ಲಿ ಮನೆ ಬಿಟ್ಟು ಪುಣೆಗೆ ಹೋಗಿ ತರಬೇತುದಾರ ನಂದನ್ ಬಾಳ್ ಅವರ ಗರಡಿಯಲ್ಲಿ ಪಳಗಿದರು. 2002ರಲ್ಲಿ ಆಸ್ಟ್ರೇಲಿಯಾ ವಿರುದ್ಧ ಡೇವಿಸ್ ಕಪ್‌ನಲ್ಲಿ ಭಾರತದ ಪರ ಮೊದಲ ಬಾರಿ ಆಡಿದರು. ವೃತ್ತಿಪರ ಆಟಗಾರರಾದದ್ದು 2003ರಲ್ಲಿ, ಆಗ ವಯಸ್ಸು 23.

ಕಿಸೆಯಿಂದ ಹಣ, ಕಣ್ಣಲ್ಲಿ ಕನಸು

ವೃತ್ತಿಪರ ಟೆನಿಸ್‌ನ ಲೆಕ್ಕಾಚಾರ ಹೊರಗಿನವರಿಗೆ ಸುಲಭವಾಗಿ ಅರ್ಥವಾಗದು. ಕ್ರಿಕೆಟ್ ಆಟಗಾರನಿಗೆ ಮಂಡಳಿಯ ಗುತ್ತಿಗೆ ಇರುತ್ತದೆ. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಆಟಗಾರನಿಗೆ ಕ್ಲಬ್ ಸಂಬಳ ಕೊಡುತ್ತದೆ. ಟೆನಿಸ್ ಆಟಗಾರನಿಗೆ ಇದಾವುದೂ ಇಲ್ಲ. ವಿಮಾನದ ಟಿಕೆಟ್, ತರಬೇತುದಾರನ ಸಂಬಳ, ಕೆಳಹಂತದ ಟೂರ್ನಿಗಳಲ್ಲಿ ವಸತಿಯ ಖರ್ಚು ಎಲ್ಲವೂ ಅವನದೇ. ಗೆದ್ದಷ್ಟೇ ಬಹುಮಾನ. ಮೊದಲ ಸುತ್ತಿನಲ್ಲೇ ಸೋತರೆ ಬಂದ ಹಣ ದಾರಿಖರ್ಚಿಗೂ ಸಾಲದಿರಬಹುದು.

ರ‍್ಯಾಂಕಿಂಗ್ ಅಂಕಗಳದ್ದು ಇನ್ನೊಂದು ಬಗೆ. ಇಂದು ಗಳಿಸಿದ ಅಂಕಗಳು 52 ವಾರಗಳ ನಂತರ ಲೆಕ್ಕದಿಂದ ಬಿದ್ದುಹೋಗುತ್ತವೆ. ಕಳೆದ ವರ್ಷ ಗೆದ್ದಲ್ಲಿ ಈ ವರ್ಷವೂ ಚೆನ್ನಾಗಿ ಆಡದಿದ್ದರೆ ಕ್ರಮಾಂಕ ಜಾರುತ್ತದೆ. ಕ್ರಮಾಂಕ ಜಾರಿದರೆ ದೊಡ್ಡ ಟೂರ್ನಿಗಳ ಬಾಗಿಲು ಮುಚ್ಚುತ್ತದೆ. ಪ್ರತಿ ವರ್ಷವೂ ಹೊಸದಾಗಿ ಪರೀಕ್ಷೆ ಬರೆದಂತೆ!

ಸಿಂಗಲ್ಸ್‌ನಲ್ಲಿ ಬೋಪಣ್ಣ ಏರಿದ ಅತ್ಯುನ್ನತ ಸ್ಥಾನ 213, ಅದು 2007ರಲ್ಲಿ. ಕೆಟ್ಟ ಕ್ರಮಾಂಕವೇನೂ ಅಲ್ಲ, ಆದರೆ ಅದರಿಂದ ನೇರವಾಗಿ ಗ್ರ್ಯಾನ್‌ಸ್ಲಾಮ್ ಮುಖ್ಯ ಸುತ್ತಿಗೆ ಹೋಗಲಾಗದು. ತಮ್ಮ ಬಲ ಎಲ್ಲಿದೆ ಎಂದು ಅವರು ಕಂಡುಕೊಂಡರು. ಆರಡಿ ಮೀರಿದ ಎತ್ತರ, ಪ್ರಚಂಡ ಸರ್ವ್, ಬಲವಾದ ಹೊಡೆತ. ಡಬಲ್ಸ್‌ಗೆ ಹೇಳಿಮಾಡಿಸಿದ ಗುಣಗಳಿವು. 2008ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅಮೆರಿಕದ ಎರಿಕ್ ಬುಟೊರಾಕ್ ಜೊತೆಗೂಡಿ ಮೊದಲ ಎಟಿಪಿ ಪ್ರಶಸ್ತಿ ಗೆದ್ದರು.

ಜೊತೆಗಾರರ ಹುಡುಕಾಟ

ಡಬಲ್ಸ್ ಎಂಬುದು ಒಂದು ಬಗೆಯ ಸಂಸಾರ. ಟೂರ್ನಿಗೆ ಪ್ರವೇಶ ಸಿಗುವುದು ಇಬ್ಬರ ಕ್ರಮಾಂಕಗಳನ್ನು ಕೂಡಿಸಿ ನೋಡಿದ ಮೇಲೆ. ಒಬ್ಬನದು 10, ಇನ್ನೊಬ್ಬನದು 60 ಆದರೆ ಜೋಡಿಯ ಲೆಕ್ಕ 70. ಹೀಗಾಗಿ ಒಬ್ಬ ಗಾಯಗೊಂಡರೂ ಲಯ ಕಳೆದುಕೊಂಡರೂ ಇನ್ನೊಬ್ಬನ ಜೀವನೋಪಾಯಕ್ಕೇ ಪೆಟ್ಟು. ಋತು ಮುಗಿಯುತ್ತಿದ್ದಂತೆ ಜೋಡಿಗಳು ಒಡೆಯುವುದು, ಹೊಸ ಜೋಡಿಗಳು ಕೂಡುವುದು ಇಲ್ಲಿ ಸಾಮಾನ್ಯ. ಅದರಲ್ಲಿ ಯಾರೂ ಮುನಿಸಿಕೊಳ್ಳುವಂತಿಲ್ಲ. ನಾಳೆ ಅದೇ ವ್ಯಕ್ತಿ ಬಲೆಯಾಚೆ ಎದುರಾಳಿಯಾಗಿ ನಿಲ್ಲಬಹುದು.

ಬೋಪಣ್ಣ ಜೊತೆಗಾರರ ಪಟ್ಟಿ ಒಂದು ಪುಟ್ಟ ವಿಶ್ವಸಂಸ್ಥೆಯಂತಿದೆ. ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ, ನಮ್ಮವರೇ ಆದ ಮಹೇಶ್ ಭೂಪತಿ, ರುಮೇನಿಯಾದ ಫ್ಲೋರಿನ್ ಮೆರ್ಜಾ, ಉರುಗ್ವೆಯ ಪಾಬ್ಲೊ ಕ್ಯುವಾಸ್, ಕೆನಡಾದ ಡೆನಿಸ್ ಶಪವಲೊವ್, ನೆದರ್ಲೆಂಡ್ಸ್‌ನ ಮ್ಯಾಟ್ವೆ ಮಿಡಲ್‌ಕೂಪ್, ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್... ಪ್ರತಿಯೊಬ್ಬರ ಭಾಷೆ ಬೇರೆ, ಸ್ವಭಾವ ಬೇರೆ, ಆಟದ ರೀತಿಯೂ ಬೇರೆ.

ಇವರಲ್ಲಿ ಖುರೇಷಿ ಜೊತೆಗಿನ ಆಟ ಕ್ರೀಡೆಯ ಗಡಿಯನ್ನೇ ದಾಟಿತು. 2010ರ ಅಮೆರಿಕ ಓಪನ್ ಫೈನಲ್‌ಗೆ ಈ 'ಇಂಡೋ-ಪಾಕ್ ಎಕ್ಸ್‌ಪ್ರೆಸ್' ತಲುಪಿದಾಗ ವಿಶ್ವಸಂಸ್ಥೆಯಲ್ಲಿದ್ದ ಭಾರತ ಹಾಗೂ ಪಾಕಿಸ್ತಾನದ ರಾಯಭಾರಿಗಳು ಒಟ್ಟಿಗೆ ಕುಳಿತು ಪಂದ್ಯ ನೋಡಿದರು. ಅಮೆರಿಕದ ಬ್ರಯಾನ್ ಸಹೋದರರ ಎದುರು ಎರಡೂ ಸೆಟ್‌ಗಳು ಟೈಬ್ರೇಕರ್‌ನಲ್ಲಿ ಕೈತಪ್ಪಿದವು. ಪ್ರಶಸ್ತಿ ಸಿಗಲಿಲ್ಲ, ಯುದ್ಧ ಬೇಡ, ಟೆನಿಸ್ ಆಡೋಣ ಎಂಬ ಅವರ ಸಂದೇಶಕ್ಕೆ ಆ ವರ್ಷದ ಆರ್ಥರ್ ಆಶ್ ಮಾನವೀಯತಾ ಪ್ರಶಸ್ತಿ ಸಂದಿತು.

ಅದೇ 2010ರ ಸೆಪ್ಟೆಂಬರ್‌ನಲ್ಲಿ ಚೆನ್ನೈನಲ್ಲಿ ಇನ್ನೊಂದು ಸಾಹಸ. ಡೇವಿಸ್ ಕಪ್ ಪ್ಲೇ ಆಫ್‌ನಲ್ಲಿ ಬ್ರೆಜಿಲ್ ವಿರುದ್ಧ ಭಾರತ 0-2ರಿಂದ ಹಿಂದೆ ಬಿದ್ದಿತ್ತು. ಹಾಗೂ ಹೀಗೂ ಅಂತರ 2-2ಕ್ಕೆ ಬಂತು. ಎಲ್ಲವೂ ನಿಂತಿದ್ದು ಐದನೆಯ ಪಂದ್ಯದ ಮೇಲೆ. ಅಂಕಣಕ್ಕಿಳಿದ ಬೋಪಣ್ಣ ರಿಕಾರ್ಡೊ ಮೆಲ್ಲೊ ಅವರನ್ನು ನೇರ ಸೆಟ್‌ಗಳಲ್ಲಿ ಮಣಿಸಿ ದೇಶಕ್ಕೆ ಜಯ ತಂದರು. ಅದು ಸಿಂಗಲ್ಸ್ ಪಂದ್ಯ ಎಂಬುದನ್ನು ಮರೆಯುವಂತಿಲ್ಲ.

ಕೈಗೆ ಬಂದದ್ದು, ಕೈತಪ್ಪಿದ್ದು

ಪ್ಯಾರಿಸ್ ಮಾಸ್ಟರ್ಸ್ ಪ್ರಶಸ್ತಿಯನ್ನು 2011ರಲ್ಲಿ ಖುರೇಷಿ ಜೊತೆ, 2012ರಲ್ಲಿ ಭೂಪತಿ ಜೊತೆ ಗೆದ್ದರು. 2013ರಲ್ಲಿ ಡಬಲ್ಸ್ ರ‍್ಯಾಂಕಿಂಗ್‌ನಲ್ಲಿ ಮೂರನೆಯ ಸ್ಥಾನಕ್ಕೇರಿದರು. ವರ್ಷದ ಶ್ರೇಷ್ಠ ಎಂಟು ಜೋಡಿಗಳಷ್ಟೇ ಆಡುವ ಎಟಿಪಿ ಫೈನಲ್ಸ್‌ನಲ್ಲಿ 2012 ಮತ್ತು 2015ರಲ್ಲಿ ಎರಡನೆಯ ಸ್ಥಾನ. 2017ರಲ್ಲಿ ಕೆನಡಾದ ಗೇಬ್ರಿಯೆಲಾ ದಬ್ರೊವ್‌ಸ್ಕಿ ಜೊತೆಗೂಡಿ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಫೈನಲ್‌ನಲ್ಲಿ ಎರಡು ಮ್ಯಾಚ್ ಪಾಯಿಂಟ್‌ಗಳಿಂದ ಪಾರಾಗಿ 2-6, 6-2, 12-10ರಿಂದ ಗೆದ್ದರು. ಪೇಸ್, ಭೂಪತಿ, ಸಾನಿಯಾ ಅವರ ನಂತರ ಗ್ರ್ಯಾನ್‌ಸ್ಲಾಮ್ ಗೆದ್ದ ನಾಲ್ಕನೆಯ ಭಾರತೀಯರಾದರು. ಆಗ ಅವರಿಗೆ 37 ವರ್ಷ. ಮರುವರ್ಷ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ದಿವಿಜ್ ಶರಣ್ ಜೊತೆ ಚಿನ್ನ ಗೆದ್ದರು. ಅರ್ಜುನ ಪ್ರಶಸ್ತಿಯೂ ಬಂತು.

ಒಲಿಂಪಿಕ್ಸ್ ಮಾತ್ರ ಒಲಿಯಲಿಲ್ಲ. 2016ರ ರಿಯೊದಲ್ಲಿ ಸಾನಿಯಾ ಮಿರ್ಜಾ ಜೊತೆ ಮಿಶ್ರ ಡಬಲ್ಸ್ ಸೆಮಿಫೈನಲ್ ತಲುಪಿದರೂ ಆ ಪಂದ್ಯವನ್ನೂ ಕಂಚಿನ ಪದಕದ ಪಂದ್ಯವನ್ನೂ ಸೋತು ನಾಲ್ಕನೆಯವರಾಗಿ ಹಿಂದಿರುಗಿದರು. ಪದಕಕ್ಕೂ ನಾಲ್ಕನೆಯ ಸ್ಥಾನಕ್ಕೂ ನಡುವಿನ ಅಂತರ ಎಷ್ಟು ಕ್ರೂರ ಎಂಬುದು ಆಡಿದವರಿಗೇ ಗೊತ್ತು.

ಸಮುದ್ರದಂಡೆಯ ಪ್ರಶ್ನೆ

ಬೋಪಣ್ಣ ಕತೆಯ ನಿಜವಾದ ತಿರುವು ಯಾವ ಪ್ರಶಸ್ತಿಯಲ್ಲೂ ಇಲ್ಲ. ಅದಿರುವುದು 2021ರಲ್ಲಿ. ವಯಸ್ಸು 41. ಮಂಡಿಯ ಮೃದ್ವಸ್ಥಿ ಸವೆದಿತ್ತು, ಆಡಿದರೆ ನೋವು. ತಿಂಗಳುಗಟ್ಟಲೆ ಒಂದು ಪಂದ್ಯವೂ ಗೆಲ್ಲಲಾಗಲಿಲ್ಲ. ಮನೆಯಲ್ಲಿ ಪತ್ನಿ ಸುಪ್ರಿಯಾ, ಪುಟ್ಟ ಮಗಳು ತ್ರಿಧಾ. ಪೋರ್ಚುಗಲ್‌ನ ಎಸ್ಟೊರಿಲ್‌ನಲ್ಲಿ ಸಮುದ್ರದತ್ತ ನೋಡುತ್ತ ಕುಳಿತು, ತಾನು ಮಾಡುತ್ತಿರುವುದೇನು, ಇದನ್ನು ಬಿಟ್ಟು ಮನೆಗೆ ಹೋಗಬಾರದೇಕೆ ಎಂದು ತಮ್ಮನ್ನೇ ಕೇಳಿಕೊಂಡದ್ದನ್ನು ಮುಂದೆ ಅವರೇ ಹೇಳಿಕೊಂಡಿದ್ದಾರೆ.

ಬಿಡಲಿಲ್ಲ. ಹಾಗೆಂದು ಹಳೆಯ ರೀತಿಯಲ್ಲೇ ಮುಂದುವರಿಯಲೂ ಇಲ್ಲ. ಕೋವಿಡ್ ಕಾಲದಲ್ಲಿ ಆರಂಭಿಸಿದ್ದ ಅಯ್ಯಂಗಾರ್ ಯೋಗವನ್ನು ಶ್ರದ್ಧೆಯಿಂದ ಮುಂದುವರಿಸಿದರು. ಮಂಡಿಯ ಸುತ್ತಲಿನ ಸ್ನಾಯುಗಳು ಬಲಗೊಂಡವು, ನೋವು ತಗ್ಗಿತು, ಮನಸ್ಸೂ ತಿಳಿಯಾಯಿತು. ಎಟಿಪಿ ಡಬಲ್ಸ್‌ನ ನಿಯಮಗಳೂ ಅನುಭವಿಗಳಿಗೆ ಅನುಕೂಲ. 40-40 ಆದಾಗ ಒಂದೇ ಪಾಯಿಂಟ್‌ನಲ್ಲಿ ಗೇಮ್ ತೀರ್ಮಾನ. ಮೂರನೆಯ ಸೆಟ್ ಬದಲು ಹತ್ತು ಪಾಯಿಂಟ್‌ಗಳ ಟೈಬ್ರೇಕರ್. ಓಟಕ್ಕಿಂತ ಎಣಿಕೆ, ಕಾಲಿಗಿಂತ ತಲೆ ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆ.

ಫಲ ಕಾಣತೊಡಗಿತು. 2022ರಲ್ಲಿ ಮಿಡಲ್‌ಕೂಪ್ ಜೊತೆ ಫ್ರೆಂಚ್ ಓಪನ್ ಸೆಮಿಫೈನಲ್. 2023ರಲ್ಲಿ ಎಬ್ಡೆನ್ ಜೊತೆಯಾದರು. ಆ ಮಾರ್ಚ್‌ನಲ್ಲಿ ಇಂಡಿಯನ್ ವೆಲ್ಸ್ ಗೆದ್ದು, ಮಾಸ್ಟರ್ಸ್ 1000 ಟೂರ್ನಿ ಗೆದ್ದ ಅತಿ ಹಿರಿಯ ಆಟಗಾರ ಎನಿಸಿದರು. ಸೆಪ್ಟೆಂಬರ್‌ನಲ್ಲಿ, 13 ವರ್ಷಗಳ ನಂತರ, ಮತ್ತೆ ಅಮೆರಿಕ ಓಪನ್ ಫೈನಲ್. ಮತ್ತೆ ಸೋಲು. ಅದೇ ತಿಂಗಳು ಲಖನೌದಲ್ಲಿ ಮೊರಾಕ್ಕೊ ವಿರುದ್ಧ ಆಡಿ ಡೇವಿಸ್ ಕಪ್‌ಗೆ ವಿದಾಯ ಹೇಳಿದರು. ಹಾಂಗ್‌ಝೌ ಏಷ್ಯನ್ ಕೂಟದಲ್ಲಿ ಋತುಜಾ ಭೋಸಲೆ ಜೊತೆ ಮಿಶ್ರ ಡಬಲ್ಸ್ ಚಿನ್ನ ಗೆದ್ದರು.

2024ರ ಜನವರಿ 27. ಮೆಲ್ಬರ್ನ್. ಇಟಲಿಯ ಸಿಮೋನ್ ಬೊಲೆಲ್ಲಿ ಮತ್ತು ಆಂಡ್ರಿಯಾ ವಾವಸ್ಸೊರಿ ಎದುರಾಳಿಗಳು. ಮೊದಲ ಸೆಟ್ ಟೈಬ್ರೇಕರ್‌ನಲ್ಲಿ ಒಂದು ಪಾಯಿಂಟನ್ನೂ ಬಿಟ್ಟುಕೊಡದ ಬೋಪಣ್ಣ-ಎಬ್ಡೆನ್ 7-6, 7-5ರಿಂದ ಗೆದ್ದರು. ಅರವತ್ತಕ್ಕೂ ಹೆಚ್ಚು ಗ್ರ್ಯಾನ್‌ಸ್ಲಾಮ್ ಟೂರ್ನಿಗಳ ಕಾಯುವಿಕೆ ಅಂದು ಮುಗಿಯಿತು. ಓಪನ್ ಯುಗದಲ್ಲಿ ಗ್ರ್ಯಾನ್‌ಸ್ಲಾಮ್ ಗೆದ್ದ ಅತಿ ಹಿರಿಯ ಪುರುಷ ಆಟಗಾರ! ಎರಡು ದಿನ ಮೊದಲು ಪದ್ಮಶ್ರೀ ಘೋಷಣೆಯಾಗಿತ್ತು. ಎರಡು ದಿನ ನಂತರ ಪ್ರಕಟವಾದ ಪಟ್ಟಿಯಲ್ಲಿ ವಿಶ್ವದ ನಂಬರ್ 1 ಸ್ಥಾನ. ಅಷ್ಟು ವಯಸ್ಸಿನಲ್ಲಿ ಮೊದಲ ಬಾರಿ ಆ ಸ್ಥಾನಕ್ಕೇರಿದವರು ಅವರ ಮುನ್ನ ಯಾರೂ ಇರಲಿಲ್ಲ. ಮಾರ್ಚ್‌ನಲ್ಲಿ ಮಯಾಮಿ ಗೆದ್ದು ತಮ್ಮದೇ ಮಾಸ್ಟರ್ಸ್ ದಾಖಲೆಯನ್ನು 44ರಲ್ಲಿ ಮುರಿದರು.

ಹೆತ್ತವರಿಗೊಂದು ಮಾತು

2025ರ ನವೆಂಬರ್ 1ರಂದು, 45ನೆಯ ವಯಸ್ಸಿನಲ್ಲಿ, ಬೋಪಣ್ಣ ನಿವೃತ್ತಿ ಪ್ರಕಟಿಸಿದರು. ಪ್ಯಾರಿಸ್ ಮಾಸ್ಟರ್ಸ್‌ನಲ್ಲಿ ಕಜಕಸ್ತಾನದ ಅಲೆಕ್ಸಾಂಡರ್ ಬುಬ್ಲಿಕ್ ಜೊತೆ ಆಡಿದ್ದೇ ಕೊನೆಯ ಪಂದ್ಯ. ಒಟ್ಟು 26 ಎಟಿಪಿ ಡಬಲ್ಸ್ ಪ್ರಶಸ್ತಿಗಳು ಅವರ ಹೆಸರಿನಲ್ಲಿವೆ. ಬೆಂಗಳೂರಿನಲ್ಲಿ ಅವರ ಹೆಸರಿನ ಟೆನಿಸ್ ಅಕಾಡೆಮಿ ಮಕ್ಕಳನ್ನು ತರಬೇತುಗೊಳಿಸುತ್ತಿದೆ.

ರ‍್ಯಾಕೆಟ್ ಹಿಡಿದ ಮಗುವೆಲ್ಲ ಬೋಪಣ್ಣ ಆಗುವುದಿಲ್ಲ. ಟೆನಿಸ್ ದುಬಾರಿ ಆಟ. ಕೆಳಹಂತದ ಟೂರ್ನಿಗಳಲ್ಲೇ ಹಣವೂ ಹರೆಯವೂ ಕರಗಿ ಹಿಂದಿರುಗಿದವರು ಎಷ್ಟೋ ಮಂದಿ. ಮಕ್ಕಳನ್ನು ಈ ದಾರಿಗೆ ಕಳಿಸುವ ಮುನ್ನ ಖರ್ಚಿನ ಲೆಕ್ಕ ಹಾಕಬೇಕು, ಓದಿನ ಕೊಂಡಿ ಕಳಚದಂತೆ ನೋಡಿಕೊಳ್ಳಬೇಕು.

ಆದರೆ ವಯಸ್ಸಿನ ವಿಷಯದಲ್ಲಿ ಅವಸರ ಬೇಡ. ಹದಿನಾಲ್ಕಕ್ಕೆ ರಾಜ್ಯ ತಂಡ ಸೇರಲಿಲ್ಲವೆಂದೋ, ಹದಿನೆಂಟಕ್ಕೆ ರ‍್ಯಾಂಕ್ ಬರಲಿಲ್ಲವೆಂದೋ ಮಗುವಿನ ಭವಿಷ್ಯ ಮುಗಿಯಿತೆಂದು ತೀರ್ಮಾನಿಸುವ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ. ಹನ್ನೊಂದಕ್ಕೆ ಆಟ ಕಲಿತು, ಸಿಂಗಲ್ಸ್ ಕೈಹಿಡಿಯದಾಗ ಡಬಲ್ಸ್‌ನತ್ತ ಹೊರಳಿ, ನಲವತ್ತೊಂದರಲ್ಲಿ ಸೋತು ಸುಣ್ಣವಾಗಿ, ನಲವತ್ತಮೂರರಲ್ಲಿ ಜಗತ್ತಿನ ತುದಿ ಮುಟ್ಟಿದವರೊಬ್ಬರು ಈ ಕನ್ನಡನಾಡಿನಲ್ಲೇ ಇದ್ದಾರೆ. ಅಂಕಪಟ್ಟಿ ಕೈಯಲ್ಲಿ ಹಿಡಿದು ಮಕ್ಕಳ ಮುಖ ನೋಡುವಾಗ ಹೆತ್ತವರು ಇದನ್ನೊಮ್ಮೆ ನೆನೆದರೆ ಸಾಕು.