ಗಣಕಕ್ಕೂ ಬೇಕು ಗಾಳಿಯ ದಾರಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಬಿಸಿಲನ್ನು ಉಂಡವರೇ ಬಲ್ಲರು. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. ಸಿಮೆಂಟಿನ, ಕಲ್ಲುಗಣಿಯ ಧೂಳು ಅದಕ್ಕೆ ಜೊತೆ. ಇಂತಹ ಕಡೆ ಗಣಕಯಂತ್ರದ ಪಾಡೇನು? ಮಿತಿಮೀರಿ ಕಾದರೆ ಅದು ಮೊದಲು ನಿಧಾನವಾಗುತ್ತದೆ, ಬಳಿಕ ತಾನಾಗಿಯೇ ನಿಂತುಬಿಡುತ್ತದೆ. ಉಳಿಸಿಡದ ಕೆಲಸವೆಲ್ಲ ನೀರುಪಾಲು.

ಫ್ಯಾನಾಗಲಿ, ನೀರು ಹರಿಯುವ ರೇಡಿಯೇಟರಾಗಲಿ ಯಂತ್ರವನ್ನು ಕೋಣೆಯ ಗಾಳಿಗಿಂತ ತಂಪಾಗಿಸಲಾರವು. ಒಳಗಿನ ಶಾಖವನ್ನು ಹೊರಸಾಗಿಸುವುದಷ್ಟೇ ಅವುಗಳ ಕಾರ್ಯ. ಆದ್ದರಿಂದ ಗಾಳಿ ಮುಂದಿನಿಂದ ಬಂದು, ಹಿಂದಿನಿಂದಲೂ ಮೇಲಿನಿಂದಲೂ ಹೋಗಬೇಕು. ಹೊರಗೆಳೆಯುವ ಗಾಳಿಗಿಂತ ಒಳತಳ್ಳುವ ಗಾಳಿ ತುಸು ಹೆಚ್ಚಿದ್ದರೆ ಸಂದುಗಳಿಂದ ಧೂಳು ನುಸುಳದು. ಅದು ಮುಂದಿನ ಜಾಲರಿಯಲ್ಲೇ ಸಿಕ್ಕಿಬೀಳುತ್ತದೆ. ಆ ಜಾಲರಿಯನ್ನು ಆಗಾಗ ಶುಚಿಗೊಳಿಸಲೇಬೇಕು.

ರೇಡಿಯೇಟರು ಮುಂದಿದ್ದರೆ ಅದಕ್ಕೆ ಹೊರಗಿನ ಗಾಳಿ ಸಿಗುತ್ತದೆ, ಆದರೆ ಒಳಗಿನ ಗ್ರಾಫಿಕ್ಸ್ ಕಾರ್ಡಿಗೆ ಬಿಸಿ ತಟ್ಟುತ್ತದೆ. ಮೇಲಿದ್ದರೆ ಒಳಗೆ ಕಾದ ಗಾಳಿಯೇ ಅದರ ಪಾಲು. ಎಲ್ಲಿಟ್ಟರೂ ಪಂಪು ಎಲ್ಲಕ್ಕಿಂತ ಎತ್ತರದಲ್ಲಿರಬಾರದು. ಗಾಳಿಗುಳ್ಳೆಗಳು ಅಲ್ಲಿ ಸೇರಿ ಅದನ್ನು ಕೆಡಿಸುತ್ತವೆ.

ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳಿಗೆ ಈ ತತ್ತ್ವ ಹಳೆಯದು. ಸುಮಾರು 1,450 ಡಿಗ್ರಿಯಲ್ಲಿ ಬೆಂದ ಕ್ಲಿಂಕರನ್ನು ಗಾಳಿ ಬೀಸಿಯೇ ತಣಿಸುತ್ತಾರೆ. ಅಲ್ಲಿ ಬಿಸಿಗಾಳಿ ಗೂಡಿಗೆ ಮರಳಿದರೆ ಇಂಧನದ ಉಳಿತಾಯ. ಗಣಕಕ್ಕೆ ಮರಳಿದರೆ ಕೇಡು. ಪೆಟ್ಟಿಗೆಯ ಬೆನ್ನಿಗೂ ಗೋಡೆಗೂ ಗೇಣು ಅಂತರವಿರಲಿ.