ವಠಾರಕ್ಕೆ ಬಂದ ಅತಿಥಿ

ತಿಥಿ ನೋಡದೆ ಬರುವವನು ಅತಿಥಿಯೆಂದು ಹಿಂದಿನವರು ಪದದ ಅರ್ಥವನ್ನು ಬಿಡಿಸಿದರು. ಅವನನ್ನು ದೇವರೆಂದು ಭಾವಿಸಬೇಕೆಂದು ತೈತ್ತಿರೀಯೋಪನಿಷತ್ತು ವಿಧಿಸಿತು. ಬಂದವರನ್ನು ಆದರದಿಂದ ಮಾತನಾಡಿಸುವ ಬಗೆಯನ್ನು ಬಸವಣ್ಣನವರು ವಚನದಲ್ಲಿ ಬೋಧಿಸಿದರು. ಹೀಗೆ ಆತಿಥೇಯನ ಧರ್ಮವನ್ನು ಕುರಿತು ನಮ್ಮಲ್ಲಿ ಹೇಳಿರುವುದು ಬಹಳ. ಅತಿಥಿಯ ಧರ್ಮವನ್ನು ಕುರಿತು ಹೇಳಿರುವುದು ಕಡಿಮೆ. ಒಂಟಿಮನೆಯಲ್ಲಿ ಈ ಕೊರತೆ ಅಷ್ಟಾಗಿ ತೋರದು. ಹಲವು ಮನೆಗಳಿಗೆ ಒಂದೇ ಅಂಗಳ, ಒಂದೇ ನಲ್ಲಿ ಇರುವ ವಠಾರದಲ್ಲಿ ಅದು ಮೊದಲ ದಿನವೇ ತಿಳಿಯುತ್ತದೆ.

ದಾವಣಗೆರೆ, ಹರಿಹರಗಳು ಇಂಥ ಬಾಳನ್ನು ಚೆನ್ನಾಗಿ ಬಲ್ಲ ಊರುಗಳು. 1930ರ ದಶಕದಿಂದ ದಾವಣಗೆರೆಯಲ್ಲಿ ಹತ್ತಿಯ ಗಿರಣಿಗಳು ಎದ್ದವು; 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿತು. ದುಡಿಮೆಯನ್ನು ಅರಸಿ ಬಂದ ಕುಟುಂಬಗಳು ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ನೆಲೆಸಿದವು. ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಹಗಲೇ ನಿದ್ದೆಯ ಹೊತ್ತು. ಆ ಹೊತ್ತಿಗೆ ಪಕ್ಕದ ಮನೆಯ ನೆಂಟರು ಜಗಲಿಯ ಮೇಲೆ ಹರಟೆಗೆ ಕುಳಿತರೆ ಅವನ ಗತಿಯೇನು?

ಗಿರಣಿಗಳ ಆ ಕಾಲ ಕಳೆಯಿತು. ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು. ಆದರೆ ಕೂಡಿ ಬಾಳುವುದು ನಿಲ್ಲಲಿಲ್ಲ. 1965ರಲ್ಲಿ ದಾವಣಗೆರೆಯಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು. ಊರು ಬರಬರುತ್ತ ವಿದ್ಯಾರ್ಥಿಗಳ ನಗರವಾಯಿತು. ಇಂದು ಮೂರು ನಾಲ್ಕು ಜನ ಹಂಚಿಕೊಂಡ ಕೋಣೆಗೆ ಒಬ್ಬನ ಗೆಳೆಯ ಬಂದಿಳಿದರೆ, ಇನ್ನೊಬ್ಬನ ಪರೀಕ್ಷೆಯ ಓದು ಕೆಡುತ್ತದೆ. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯಲ್ಲಂತೂ ಮನೆಮನೆಯಲ್ಲಿಯೂ ನೆಂಟರು. ನಲ್ಲಿಯ ಮುಂದೆ ಕೊಡಗಳ ಸಾಲು ಬೆಳೆಯುತ್ತದೆ.

ಇಲ್ಲಿ ಅರಿಯಬೇಕಾದ ಮಾತೊಂದುಂಟು. ಆತಿಥೇಯನು ತನ್ನದನ್ನು ಕೊಡಬಲ್ಲನು. ಎಲ್ಲರದನ್ನು ಅವನೊಬ್ಬನೇ ಕೊಡಲಾರನು. ರೊಟ್ಟಿ, ಚಾಪೆ ಅವನವು. ನೀರಿನ ಸರದಿ, ಅಂಗಳದ ನೆರಳು, ನೆರೆಯವರ ನಿದ್ದೆ ಅವನವಲ್ಲ. ಅತಿಥಿಯು ಇವನ್ನು ಕೇಳದೆ ಬಳಸಿದರೆ, ದಾಕ್ಷಿಣ್ಯದಿಂದ ಮನೆಯವರು ಬಾಯಿ ಬಿಡುವುದಿಲ್ಲ. ಅವನು ಮೂರು ದಿನಕ್ಕೆ ಬಸ್ಸು ಹತ್ತುತ್ತಾನೆ. ಉಳಿದ ಅಸಮಾಧಾನವನ್ನು ಮನೆಯಾಕೆ ನಲ್ಲಿಯ ಬಳಿ ತಿಂಗಳುಗಟ್ಟಲೆ ಹೊರಬೇಕಾಗುತ್ತದೆ.

ಆದುದರಿಂದ ಬರುವ ಮುನ್ನ ತಿಳಿಸುವುದು ಮೊದಲ ಮರ್ಯಾದೆ. ನೀರು ಬರುವ ಹೊತ್ತನ್ನು, ಮಲಗುವವರ ಹೊತ್ತನ್ನು ಕೇಳಿ ತಿಳಿಯುವುದು ಎರಡನೆಯದು. ಅಂಗಳದಲ್ಲಿ ಎದುರಾದವರಿಗೆ ಕೈಮುಗಿದು, ತಂದ ಮಂಡಕ್ಕಿಯಲ್ಲಿ ನೆರೆಯ ಮಕ್ಕಳಿಗೂ ಒಂದೊಂದು ಹಿಡಿ ಕೊಟ್ಟರೆ ಅರ್ಧ ಸಂಕೋಚ ಕರಗುತ್ತದೆ. ಎಲ್ಲಕ್ಕಿಂತ ದೊಡ್ಡದು ಇನ್ನೊಂದು: ತೆಳುಗೋಡೆಯ ಆಚೆಯಿಂದ ಕಿವಿಗೆ ಬಿದ್ದ ಮಾತನ್ನು ಅಲ್ಲಿಯೇ ಬಿಟ್ಟುಹೋಗಬೇಕು.

ಅತಿಥಿಯ ಯೋಗ್ಯತೆಯನ್ನು ಉಂಡ ಮನೆಯವರು ಅಳೆಯಲಾರರು. ಪ್ರೀತಿ ಅವರ ತಕ್ಕಡಿಯನ್ನು ವಾಲಿಸುತ್ತದೆ. ಅವನು ಹೋದ ಮೇಲೆ, “ನಿಮ್ಮ ನೆಂಟರು ಮತ್ತೆ ಯಾವಾಗ ಬರುತ್ತಾರೆ?” ಎಂದು ನೆರೆಮನೆಯವರು ಕೇಳಿದರೆ, ಅವನು ನಿಜವಾಗಿಯೂ ಒಳ್ಳೆಯ ಅತಿಥಿ.