ಹಿತ್ತಲಿನ ಸಹಿ ಜೇಡ

ಕಳೆದ ಸೆಮಿಸ್ಟರ್‌ನಲ್ಲಿ ಸ್ಟ್ರಕ್ಚರಲ್ ಅನಾಲಿಸಿಸ್ ಕೈಕೊಟ್ಟಿತು. ರಜೆಗೆ ಊರಿಗೆ ಬಂದು ಹದಿನೈದು ದಿನವಾದರೂ ಮನೆಯಲ್ಲಿ ಹೇಳಿರಲಿಲ್ಲ. ‘ಎಲ್ಲಾ ಪಾಸಾ?’ ಅಂತ ಅಪ್ಪ ಕೇಳಿದಾಗ ‘ಹ್ಞೂಂ’ ಅಂದುಬಿಟ್ಟಿದ್ದೆ. ಅಪ್ಪ ಗಾರೆ ಮೇಸ್ತ್ರಿ. ಮಗಳು ಸಿವಿಲ್ ಎಂಜಿನಿಯರ್ ಆಗುತ್ತಾಳೆ ಅಂತ ಊರಿಗೆಲ್ಲ ಹೇಳಿಕೊಂಡಿದ್ದಾರೆ. ಅವರ ಎದುರು ಕೂರಲಾಗದೆ ಬೆಳಿಗ್ಗೆ ಪುಸ್ತಕ ಹಿಡಿದು ಹಿತ್ತಲಿಗೆ ಹೋಗುತ್ತಿದ್ದೆ. ಈ ಜೇಡ ಪರಿಚಯವಾದದ್ದು ಅಲ್ಲೇ.

ದಾಸವಾಳಕ್ಕೂ ಬಟ್ಟೆ ಒಣಹಾಕುವ ತಂತಿಗೂ ನಡುವೆ ಅದರ ಬಲೆ. ನಟ್ಟನಡುವೆ ತಲೆ ಕೆಳಗಾಗಿ, ಎಂಟು ಕಾಲುಗಳನ್ನು ಎರಡೆರಡಾಗಿ ಜೋಡಿಸಿ ಇಂಗ್ಲಿಷಿನ ‘ಎಕ್ಸ್’ ಅಕ್ಷರದಂತೆ ಕೂತಿತ್ತು. ಹಳದಿ ಮೈಮೇಲೆ ಕಂದು ಪಟ್ಟೆ. ಕಾಲಿನ ತುದಿಗಳಿಂದಾಚೆ ಬಿಳಿ ನೂಲಿನ ಅಂಕುಡೊಂಕು ಗೆರೆಗಳು, ಯಾರೋ ಆತುರದಲ್ಲಿ ಸಹಿ ಗೀಚಿದ ಹಾಗೆ. ಸಿಗ್ನೇಚರ್ ಸ್ಪೈಡರ್ ಅನ್ನುವ ಹೆಸರು ಬಂದದ್ದು ಅದರಿಂದಲೇ. ವೈಜ್ಞಾನಿಕ ಹೆಸರು ಆರ್ಜಿಯೋಪೆ ಅನಸೂಜಾ. ನಾನು ನೋಡಿದ್ದು ಹೆಣ್ಣು, ಮೈ ಸುಮಾರು 1 ಸೆಂ.ಮೀ. ಗಂಡು ಅದರ ಅರ್ಧದಷ್ಟೂ ಇರುವುದಿಲ್ಲ. ಈ ಸಹಿ ಯಾಕೆ ಅನ್ನುವುದರಲ್ಲಿ ವಿಜ್ಞಾನಿಗಳಿಗೇ ಒಮ್ಮತವಿಲ್ಲ. ಕೀಟಗಳನ್ನು ಸೆಳೆಯಲು ಅನ್ನುತ್ತಾರೆ ಕೆಲವರು. ಹಕ್ಕಿಗಳು ಗೊತ್ತಿಲ್ಲದೆ ನುಗ್ಗಿ ಬಲೆ ಹರಿಯದಿರಲಿ ಅಂತ, ಅನ್ನುತ್ತಾರೆ ಇನ್ನು ಕೆಲವರು.

ಒಂದು ದಿನ ಕತ್ತಲಿರುವಾಗಲೇ ಎದ್ದು, ಮೊಬೈಲ್ ಬೆಳಕಿನಲ್ಲಿ ಅದು ಬಲೆ ಕಟ್ಟುವುದನ್ನು ನೋಡಿದೆ. ಮೊದಲು ಸೈಕಲ್ ಚಕ್ರದ ಕಡ್ಡಿಗಳಂತೆ ನಡುವಿನಿಂದ ಅಂಚಿಗೆ ಎಳೆಗಳು. ಇವು ಅಂಟುವುದಿಲ್ಲ. ಆಮೇಲೆ ನಡುವಿನಿಂದ ಹೊರಕ್ಕೆ ದೂರ ದೂರವಾಗಿ ಒಂದು ಸುರುಳಿ. ಅದೂ ಅಂಟುವುದಿಲ್ಲ, ಕಾಲೂರಲು ಮಾತ್ರ. ಅಂಚು ಮುಟ್ಟಿದ ಮೇಲೆ ತಿರುಗಿ, ಒತ್ತೊತ್ತಾಗಿ ಅಂಟಿನ ಎಳೆ ಹಾಕುತ್ತಾ ಒಳಗೆ ಬರುತ್ತದೆ. ಬರುತ್ತಾ ಬರುತ್ತಾ ಮೊದಲಿನ ಸುರುಳಿಯನ್ನು ಕತ್ತರಿಸಿಬಿಡುತ್ತದೆ. ಅರೆ, ಇದು ಅಪ್ಪನ ಸಾರುವೆಯೇ ಅಲ್ಲವೇ! ಹಳೆಯ ಬಲೆಯ ನೂಲೂ ವ್ಯರ್ಥವಲ್ಲ. ಅದನ್ನು ತಿಂದು, ಅದೇ ಪ್ರೋಟೀನಿನಿಂದ ಹೊಸ ನೂಲು ತೆಗೆಯುತ್ತದೆ.

(ಏಳು ಸಲ ಬಿದ್ದ ಜೇಡನ ಕಥೆಯನ್ನು ಶಾಲೆಯಲ್ಲಿ ಎಷ್ಟು ಸಲ ಕೇಳಿಲ್ಲ! ನನ್ನ ಜೇಡ ಒಂದು ಸಲವೂ ಬೀಳಲಿಲ್ಲ. ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.)

ಮಿಡತೆ ಬಿದ್ದರಂತೂ ಓಡಿಬಂದು ಮೊದಲು ನೂಲಿನಲ್ಲಿ ಸುತ್ತಿ ಸುತ್ತಿ ಮೂಟೆ ಕಟ್ಟುತ್ತದೆ, ಕಚ್ಚುವುದು ಆಮೇಲೆ. ನಾನು ಬೆರಳು ಹತ್ತಿರ ತಂದರೆ ಬಲೆಯನ್ನೇ ಉಯ್ಯಾಲೆಯಂತೆ ಅಲುಗಾಡಿಸುತ್ತಿತ್ತು.

ಮೊನ್ನೆ ಅಮ್ಮ ಪೊರಕೆ ಹಿಡಿದು ಬಂದಳು. ‘ಜೇಡರ ಬಲೆ ಇದ್ರೆ ದರಿದ್ರ ಕಣೇ, ಸರಿ ಆಚೆ!’ ನಾನು ಅಡ್ಡ ನಿಂತೆ. ಗಲಾಟೆ ಕೇಳಿ ಅಪ್ಪನೂ ಬಂದರು. ಸಾರುವೆಯ ವಿಷಯ ಹೇಳಿದೆ. ಅಪ್ಪ ಬಗ್ಗಿ ತುಂಬ ಹೊತ್ತು ನೋಡಿ, ‘ಕಟ್ಟೋದೂ ಇದೇ, ಬಿಚ್ಚೋದೂ ಇದೇನಾ! ನಮ್ಮ ಹುಡುಗ್ರನ್ನ ಕರ್ಕೊಂಡ್ ಬಂದು ತೋರಿಸ್ಬೇಕು’ ಅಂತ ನಕ್ಕರು. ‘ಇದನ್ನೆಲ್ಲಾ ಕಾಲೇಜಲ್ಲಿ ಹೇಳ್ಕೊಡ್ತಾರಾ?’

ಆ ಪ್ರಶ್ನೆಗೆ ಮತ್ತೆ ‘ಹ್ಞೂಂ’ ಅನ್ನಲು ಬಾಯಿ ಬರಲಿಲ್ಲ. ‘ಅಪ್ಪಾ, ಒಂದು ಸಬ್ಜೆಕ್ಟ್ ಹೋಗಿದೆ’ ಅಂದೆ. ಅಮ್ಮನ ಪೊರಕೆ ಕೆಳಗಿಳಿಯಿತು. ಅಪ್ಪ ಬಲೆಯಿಂದ ಕಣ್ಣು ತೆಗೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ‘ಮತ್ತೆ ಪರೀಕ್ಷೆ ಯಾವಾಗ?’ ಅಂದರು.

ಮುಂದಿನ ತಿಂಗಳು. ಬಟ್ಟೆ ಒಣಗಿಸಲು ಅಮ್ಮ ಅಂದು ಸಂಜೆಯೇ ಬಾವಿಯ ಪಕ್ಕ ಬೇರೆ ತಂತಿ ಕಟ್ಟಿಸಿಕೊಂಡಳು.